ನೀಟ್ಷೆಯ ಮಾತು: ಹೊಣೆ ಯಾರದು?

ಗುರುವು ನುಡಿದ ಮಾತನ್ನು ಶಿಷ್ಯನು ತಪ್ಪಾಗಿ ಗ್ರಹಿಸಿ, ಆ ತಪ್ಪಿನಂತೆಯೇ ನಡೆದು, ಅದರಿಂದ ಅನರ್ಥವೊದಗಿದರೆ ದೋಷವು ಯಾರನ್ನು ಸೇರತಕ್ಕದ್ದು? ಪ್ರಶ್ನೆಯು ಹೊಸದಲ್ಲ. ಛಾಂದೋಗ್ಯೋಪನಿಷತ್ತಿನ ಎಂಟನೆಯ ಅಧ್ಯಾಯದಲ್ಲಿ ದೇವತೆಗಳ ಕಡೆಯಿಂದ ಇಂದ್ರನೂ ಅಸುರರ ಕಡೆಯಿಂದ ವಿರೋಚನನೂ ಆತ್ಮಜ್ಞಾನವನ್ನು ಬಯಸಿ ಪ್ರಜಾಪತಿಯ ಬಳಿಗೆ ಬಂದ ಕಥೆಯುಂಟು. 32 ವರ್ಷಗಳ ಕಾಲ ಬ್ರಹ್ಮಚರ್ಯದಿಂದಿದ್ದ ಇಬ್ಬರಿಗೂ ಪ್ರಜಾಪತಿಯು ಒಂದೇ ಮಾತನ್ನು ಹೇಳಿ, ನೀರು ತುಂಬಿದ ಪಾತ್ರೆಯಲ್ಲಿ ತಮ್ಮನ್ನು ನೋಡಿಕೊಳ್ಳುವಂತೆ ಅಪ್ಪಣೆ ಮಾಡಿದನು. ವಿರೋಚನನು ನೀರಿನಲ್ಲಿ ಕಂಡ ಅಲಂಕೃತವಾದ ದೇಹವನ್ನೇ ಆತ್ಮವೆಂದು ತಿಳಿದು, ತೃಪ್ತನಾಗಿ ಹೊರಟುಹೋಗಿ, ಅದನ್ನೇ ಅಸುರರಿಗೆ ಬೋಧಿಸಿದನು. ಇಂದ್ರನೂ ಮೊದಲು ಹೊರಟವನೇ. ಆದರೆ ದಾರಿಯ ನಡುವೆ ಅವನಿಗೆ ಸಂಶಯ ಹುಟ್ಟಿತು. ದೇಹವು ಕುರುಡಾದರೆ ಈ ಆತ್ಮನೂ ಕುರುಡನಾಗಬೇಕಷ್ಟೆ, ದೇಹವು ಅಳಿದರೆ ಇವನೂ ಅಳಿಯಬೇಕಷ್ಟೆ ಎಂದು ಯೋಚಿಸಿ ಅವನು ಹಿಂದಿರುಗಿದನು. ಹೀಗೆ ಮತ್ತೆ ಮತ್ತೆ ಹಿಂದಿರುಗಿ, ಒಟ್ಟು 101 ವರ್ಷ ಕಾದು, ಕಟ್ಟಕಡೆಗೆ ತಿಳಿದನು. ಇಬ್ಬರೂ ಮೊದಲ ಸಲ ಹೊರಟಾಗ ಪ್ರಜಾಪತಿಯು ಅವರನ್ನು ನೋಡಿ, ಆತ್ಮವನ್ನರಿಯದೆಯೇ ಹೋಗುತ್ತಿದ್ದಾರೆಂದೂ ಇದನ್ನೇ ನೆಚ್ಚಿದವರು ಕೆಡುವರೆಂದೂ ನುಡಿದನೇ ಹೊರತು ಅವರನ್ನು ಕೂಗಿ ಕರೆಯಲಿಲ್ಲ.

ಆಧುನಿಕ ಯೂರೋಪಿನ ತತ್ತ್ವಜ್ಞರಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಕಠಿನವಾದ ರೂಪದಲ್ಲಿ ಎಬ್ಬಿಸಿದವನು ಜರ್ಮನಿಯ ಫ್ರೀಡ್ರಿಕ್ ನೀಟ್ಷೆ. ಅವನ ಮಾತನ್ನು ಕೇಳಿ ಹೊರಟುಹೋದವರು ಲಕ್ಷಾಂತರ. ಹಿಂದಿರುಗಿ ಕೇಳಿದವರು ಕೆಲವರು. ಹೊರಟುಹೋದವರಲ್ಲಿ ಕೊಲೆಗಾರರೂ ಇದ್ದರು, ರಾಷ್ಟ್ರನಾಯಕರೂ ಇದ್ದರು. ಆದುದರಿಂದ ಅವನ ಕೀರ್ತಿಯ ವಿಚಾರವು ಕೇವಲ ಸಾಹಿತ್ಯಚರಿತ್ರೆಗೆ ಸೇರಿದುದಲ್ಲ. ಅದು ನೀತಿಯ ವಿಚಾರ.

ನೀಟ್ಷೆಯು 1844ರಲ್ಲಿ ಸ್ಯಾಕ್ಸನಿ ಪ್ರಾಂತದ ರೋಕೆನ್ ಎಂಬ ಹಳ್ಳಿಯಲ್ಲಿ ಒಬ್ಬ ಪಾದ್ರಿಯ ಮಗನಾಗಿ ಹುಟ್ಟಿದನು. ಐದು ವರ್ಷ ತುಂಬುವುದರೊಳಗೆ ತಂದೆಯನ್ನು ಕಳೆದುಕೊಂಡನು. ಗ್ರೀಕ್ ಲ್ಯಾಟಿನ್ ಭಾಷೆಗಳಲ್ಲಿ ಅವನಿಗಿದ್ದ ಪಾಂಡಿತ್ಯವನ್ನು ಮೆಚ್ಚಿ 1869ರಲ್ಲಿ, ಅವನಿಗೆ ಇನ್ನೂ 24 ವರ್ಷವಾಗಿದ್ದಾಗಲೇ, ಸ್ವಿಟ್ಸರ್‌ಲೆಂಡಿನ ಬಾಸೆಲ್ ವಿಶ್ವವಿದ್ಯಾನಿಲಯದವರು ಪ್ರಾಧ್ಯಾಪಕ ಪದವಿಯನ್ನು ಕೊಟ್ಟರು. ಹತ್ತು ವರ್ಷಗಳಲ್ಲಿ ತಲೆನೋವು, ಕಣ್ಣಿನ ಬೇನೆಗಳಿಂದ ಜರ್ಜರಿತನಾಗಿ ಆ ಪದವಿಯನ್ನು ಬಿಟ್ಟು, ಮುಂದಿನ ಹತ್ತು ವರ್ಷ ಇಟಲಿ ಸ್ವಿಟ್ಸರ್‌ಲೆಂಡುಗಳ ಬಾಡಿಗೆಯ ಕೋಣೆಗಳಲ್ಲಿ ಏಕಾಕಿಯಾಗಿದ್ದು ತನ್ನ ಮುಖ್ಯ ಗ್ರಂಥಗಳನ್ನು ಬರೆದನು. ಅವುಗಳನ್ನು ಕೇಳುವವರಿರಲಿಲ್ಲ. "ಜರತುಷ್ಟ್ರನ ಉಪದೇಶ"ವೆನ್ನಬಹುದಾದ ಅವನ ಪ್ರಸಿದ್ಧ ಗ್ರಂಥದ ನಾಲ್ಕನೆಯ ಭಾಗವನ್ನು 1885ರಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದಾಗ ತೆಗೆಸಿದ ಪ್ರತಿಗಳು ಸುಮಾರು 40 ಮಾತ್ರ. 1889ರ ಜನವರಿಯಲ್ಲಿ ಟುರಿನ್ ನಗರದಲ್ಲಿ ಅವನಿಗೆ ಬುದ್ಧಿಭ್ರಮಣೆಯಾಯಿತು. ಅನಂತರ 11 ವರ್ಷ ತಾಯಿಯ ಮತ್ತು ತಂಗಿಯ ಆರೈಕೆಯಲ್ಲಿ ಬದುಕಿ 1900ರ ಆಗಸ್ಟಿನಲ್ಲಿ ತೀರಿಕೊಂಡನು. ಅವನ ಹೆಸರು ಯೂರೋಪಿನ ತುಂಬ ಹರಡಿದುದು ಈ 11 ವರ್ಷಗಳಲ್ಲಿ. ತನ್ನ ಮಾತಿಗೆ ಜನರು ಕೊಡುತ್ತಿದ್ದ ಅರ್ಥವನ್ನು ಕೇಳಿ 'ಅದಲ್ಲ, ಇದು' ಎಂದು ತಿದ್ದಬಲ್ಲ ಶಕ್ತಿ ಆಗ ಅವನಲ್ಲಿ ಉಳಿದಿರಲಿಲ್ಲ.

ಇಪ್ಪತ್ತನೆಯ ಶತಮಾನದ ಚಿಂತನೆಯಲ್ಲಿ ಅವನ ಹೆಜ್ಜೆಯ ಗುರುತಿಲ್ಲದ ದಾರಿ ವಿರಳ. ಮನೋವಿಜ್ಞಾನಿ ಫ್ರಾಯ್ಡನು ತನ್ನ ಸ್ವತಂತ್ರ ವಿಚಾರಕ್ಕೆ ಭಂಗ ಬಂದೀತೆಂದು ನೀಟ್ಷೆಯ ಗ್ರಂಥಗಳನ್ನು ಓದದೆ ದೂರವಿಟ್ಟುದಾಗಿ ಹೇಳಿಕೊಂಡನು. ಇದೂ ಒಂದು ಬಗೆಯ ಗೌರವವೇ ಸರಿ. ಹೈಡೆಗ್ಗರನು 1936ರಿಂದ ಕೆಲವು ವರ್ಷ ಅವನನ್ನು ಕುರಿತು ಉಪನ್ಯಾಸ ಮಾಡಿದನು. ಫ್ರಾನ್ಸಿನ ಕಮೂ ಅವನೊಡನೆ ವಾದಿಸಿದನು. ಫೂಕೋ ಅವನಿಂದ ಚರಿತ್ರೆಯನ್ನು ಪರೀಕ್ಷಿಸುವ ಒಂದು ವಿಧಾನವನ್ನೇ ಕಲಿತನು. ಕವಿ ಇಕ್ಬಾಲರು 1932ರಲ್ಲಿ ಪ್ರಕಟವಾದ ತಮ್ಮ "ಜಾವೀದ್ ನಾಮಾ"ದಲ್ಲಿ ಅವನಿಗೊಂದು ಸ್ಥಾನವನ್ನು ಕಲ್ಪಿಸಿದರು.

ಪಂಡಿತರ ಮನೆಯಿಂದ ಹೊರಟ ಮಾತು ಸಂತೆಯನ್ನೂ ಸೇರಿತು. ರಿಕಾರ್ಡ್ ಸ್ಟ್ರೌಸನು 1896ರಲ್ಲಿ ಜರತುಷ್ಟ್ರನ ಹೆಸರಿನಿಂದ ರಚಿಸಿದ ವಾದ್ಯಪ್ರಬಂಧದ ಮೊದಲ ಘೋಷವು, 1968ರಲ್ಲಿ ಕುಬ್ರಿಕ್ ಎಂಬ ನಿರ್ದೇಶಕನು ತೆಗೆದ ಅಂತರಿಕ್ಷಯಾತ್ರೆಯ ಚಲಚ್ಚಿತ್ರದಿಂದಾಗಿ ಲೋಕಕ್ಕೆಲ್ಲ ಪರಿಚಿತವಾಯಿತು. ಬರ್ನಾರ್ಡ್ ಷಾ 1903ರ ತನ್ನ ನಾಟಕದಿಂದ 'ಸೂಪರ್‌ಮ್ಯಾನ್' ಎಂಬ ಮಾತನ್ನು ಇಂಗ್ಲಿಷಿನಲ್ಲಿ ರೂಢಿಗೆ ತಂದನು. 1938ರಲ್ಲಿ ಅಮೆರಿಕದ ಇಬ್ಬರು ತರುಣರು ಅದೇ ಹೆಸರಿನ ವೀರನನ್ನು ಮಕ್ಕಳ ಚಿತ್ರಪತ್ರಿಕೆಯಲ್ಲಿ ಹುಟ್ಟಿಸಿದರು. ಅವನು ದುರ್ಬಲರನ್ನು ಕಾಪಾಡುವವನು. ಆ ತರುಣರಿಬ್ಬರೂ ವಲಸೆ ಬಂದ ಯೆಹೂದ್ಯರ ಮಕ್ಕಳು. ಅದೇ ವರ್ಷ ಜರ್ಮನಿಯಲ್ಲಿ, ಇದೇ ನೀಟ್ಷೆಯ ಹೆಸರನ್ನು ಹೊಗಳುತ್ತಿದ್ದವರು ಯೆಹೂದ್ಯರ ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಟ್ಟರು. ತನ್ನನ್ನು ಕೊಲ್ಲದ ಪೆಟ್ಟು ತನ್ನನ್ನು ಬಲಪಡಿಸುವುದೆಂಬ ಅವನ ಉಕ್ತಿಯು ಈಗ ವ್ಯಾಯಾಮಶಾಲೆಗಳ ಗೋಡೆಯ ಮೇಲೆಯೂ 2011ರ ಒಂದು ಅಮೆರಿಕನ್ ಗೀತೆಯಲ್ಲಿಯೂ ಕಾಣುತ್ತದೆ. ಹಾಡುವವರಲ್ಲಿ ಎಷ್ಟು ಮಂದಿಗೆ ಅದನ್ನು ಬರೆದವನು ಕೆಲವೇ ತಿಂಗಳಲ್ಲಿ ಅಂಥ ಪೆಟ್ಟಿನಿಂದಲೇ ಕುಸಿದನೆಂಬುದು ಗೊತ್ತಿದ್ದೀತು?

ಇಷ್ಟೇ ಆಗಿದ್ದರೆ ವಿನೋದವೆನ್ನಬಹುದಾಗಿತ್ತು. 1924ರ ಮೇ ತಿಂಗಳಿನಲ್ಲಿ ಚಿಕಾಗೋ ನಗರದಲ್ಲಿ ಲಿಯೊಪೋಲ್ಡ್, ಲೋಬ್ ಎಂಬ ಇಬ್ಬರು ಧನಿಕರ ಮಕ್ಕಳು, ಒಬ್ಬನಿಗೆ 19 ವರ್ಷ, ಇನ್ನೊಬ್ಬನಿಗೆ 18, ತಮ್ಮ ನೆರೆಹೊರೆಯ 14 ವರ್ಷದ ಬಾಲಕನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಕೊಂದರು. ದ್ವೇಷವಿರಲಿಲ್ಲ, ಹಣದ ಕೊರತೆಯಿರಲಿಲ್ಲ. ಪರಿಪೂರ್ಣವಾದ ಅಪರಾಧವೊಂದನ್ನು ಮಾಡಿ ತೋರಿಸಬೇಕೆಂಬ ಹಟವಿತ್ತು. ಲಿಯೊಪೋಲ್ಡನು ನೀಟ್ಷೆಯನ್ನು ಓದಿದ್ದನು. ಅತಿಮಾನವನಿಗೆ ಸಾಮಾನ್ಯ ಜನರ ಕಟ್ಟಳೆಗಳು ಸಲ್ಲುವುದಿಲ್ಲವೆಂಬುದು ಆ ಓದಿನಿಂದ ಅವನು ತೆಗೆದ ಸಾರ. ಅವರ ಪರವಾಗಿ ವಾದಿಸಿದ ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡಾರೋ, ವಿಶ್ವವಿದ್ಯಾನಿಲಯದಲ್ಲಿ ಕಲಿಸಿದ ತತ್ತ್ವಕ್ಕಾಗಿ ಹುಡುಗನನ್ನು ಗಲ್ಲಿಗೇರಿಸುವುದು ನ್ಯಾಯವೇ ಎಂದು ಕೇಳಿದನು. ನ್ಯಾಯಾಧೀಶನು ಅವರ ಎಳೆಯ ವಯಸ್ಸನ್ನು ನೋಡಿ ಮರಣದಂಡನೆಯನ್ನು ವಿಧಿಸದೆ, ಕೊಲೆಗೆ ಆಜೀವ ಸೆರೆಯನ್ನೂ ಅಪಹರಣಕ್ಕೆ 99 ವರ್ಷಗಳ ಸೆರೆಯನ್ನೂ ವಿಧಿಸಿದನು. ತತ್ತ್ವಕ್ಕೆ ಯಾವ ಶಿಕ್ಷೆಯೆಂಬುದು ತೀರ್ಮಾನವಾಗದೆಯೇ ಉಳಿಯಿತು.

ಎರಡನೆಯ ಅನರ್ಥವು ಇದಕ್ಕಿಂತ ಎಷ್ಟೋ ಮಡಿ ದೊಡ್ಡದು, ಮತ್ತು ಅದು ಹೊರಟುದು ನೀಟ್ಷೆಯ ಮನೆಯಿಂದಲೇ. ಅವನ ತಂಗಿ ಎಲಿಸಬೆತ್, ಯೆಹೂದ್ಯದ್ವೇಷವನ್ನೇ ಕಸುಬು ಮಾಡಿಕೊಂಡಿದ್ದ ಫೋರ್ಸ್ಟರ್ ಎಂಬವನನ್ನು 1885ರಲ್ಲಿ ಮದುವೆಯಾಗಿ, ಶುದ್ಧ ಜರ್ಮನರ ವಸಾಹತನ್ನು ಕಟ್ಟುವುದಕ್ಕೆಂದು ದಕ್ಷಿಣ ಅಮೆರಿಕದ ಪರಾಗ್ವೆಗೆ ಹೋದಳು. ಗಂಡನು 1889ರಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಆಕೆಯು 1893ರಲ್ಲಿ ಜರ್ಮನಿಗೆ ಮರಳಿ, ಮರುವರ್ಷ ನೀಟ್ಷೆಯ ಹೆಸರಿನಲ್ಲಿ ಒಂದು ಪತ್ರಾಗಾರವನ್ನು ಸ್ಥಾಪಿಸಿ, ಅಣ್ಣನ ಕಾಗದಪತ್ರಗಳಿಗೆಲ್ಲ ಒಡತಿಯಾದಳು. ಅವನು ಬರೆಯಬೇಕೆಂದು ಯೋಚಿಸಿ ಕೈಬಿಟ್ಟಿದ್ದ ಗ್ರಂಥದ ಹೆಸರನ್ನೇ ಇಟ್ಟು, ಅವನ ಟಿಪ್ಪಣಿಗಳನ್ನು ಆರಿಸಿ ಜೋಡಿಸಿ, 1901ರಲ್ಲಿ "ಶಕ್ತಿಸಂಕಲ್ಪ"ವೆಂಬ ಪುಸ್ತಕವನ್ನು ಹೊರಡಿಸಿದಳು. 1906ರ ಆವೃತ್ತಿಯಲ್ಲಿ ಅದು 1067 ಖಂಡಗಳಿಗೆ ಬೆಳೆಯಿತು. ಕೆಲವು ಪತ್ರಗಳನ್ನು ತನಗೇ ಬರೆದುವೆಂಬಂತೆ ತಿದ್ದಿದಳು. ಹಿಟ್ಲರನು ಆ ಪತ್ರಾಗಾರಕ್ಕೆ ಬಂದನು. 1935ರಲ್ಲಿ ಆಕೆ ಸತ್ತಾಗ ಶವಸಂಸ್ಕಾರಕ್ಕೂ ಬಂದನು. ಹೀಗೆ, ಯೆಹೂದ್ಯದ್ವೇಷಿಗಳನ್ನು ತನ್ನ ಪತ್ರಗಳಲ್ಲಿಯೂ ಗ್ರಂಥಗಳಲ್ಲಿಯೂ ಬಾಯ್ತುಂಬ ಹಳಿದಿದ್ದ, ತಂಗಿಯ ಆ ಮದುವೆಗಾಗಿ ಅವಳೊಡನೆ ಮನಸ್ಸು ಮುರಿದುಕೊಂಡಿದ್ದ ನೀಟ್ಷೆಯು ಅವರ ಕುಲಗುರುವೆನಿಸಿದನು.

ಇಲ್ಲಿ ಎರಡು ಪೂರ್ವಪಕ್ಷಗಳು ಎದುರಾಗುತ್ತವೆ. ಮರವನ್ನು ಹಣ್ಣಿನಿಂದ ಅರಿಯಬೇಕು, ಇಂಥ ಹಣ್ಣು ಬಿಟ್ಟ ಮರವು ವಿಷವೃಕ್ಷವೇ ಎಂಬುದು ಮೊದಲನೆಯದು. ದೋಷವೆಲ್ಲ ತಂಗಿಯದು, ಮೂಢರಾದ ಓದುಗರದು, ನೀಟ್ಷೆಯಾದರೋ ನಿಷ್ಕಳಂಕನೆಂಬುದು ಎರಡನೆಯದು. 1945ರವರೆಗೆ ಮೊದಲನೆಯದಕ್ಕೆ ಬಲ ಹೆಚ್ಚಾಗಿತ್ತು. 1950ರಲ್ಲಿ ಕೌಫ್‌ಮನ್ನನ ಗ್ರಂಥವು ಅಮೆರಿಕದಲ್ಲಿ ಹೊರಬಂದ ಮೇಲೆ, ಮತ್ತು ಕೊಲ್ಲಿ, ಮೊಂತಿನಾರಿ ಎಂಬ ಇಟಲಿಯ ಇಬ್ಬರು ವಿದ್ವಾಂಸರು ಹಸ್ತಪ್ರತಿಗಳನ್ನು ಒಂದೊಂದಾಗಿ ಪರಿಶೀಲಿಸಿ 1967ರಿಂದ ಶುದ್ಧಪಾಠವನ್ನು ಪ್ರಕಟಿಸತೊಡಗಿದ ಮೇಲೆ, ಎರಡನೆಯದಕ್ಕೆ ಬಲ ಬಂದಿತು. ಎರಡೂ ಅರ್ಧಸತ್ಯಗಳು.

ಮೊದಲನೆಯ ಪಕ್ಷವು ನಿಲ್ಲದೆಂಬುದಕ್ಕೆ ಒಂದು ನಿದರ್ಶನ ಸಾಕು. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸುವಾಗ ಉಪಕ್ರಮೋಪಸಂಹಾರಗಳನ್ನು, ಎಂದರೆ ಮೊದಲನ್ನೂ ಕೊನೆಯನ್ನೂ, ಒಟ್ಟಿಗೆ ನೋಡಬೇಕೆಂದು ಮೀಮಾಂಸಕರು ವಿಧಿಸಿದ್ದಾರೆ. ದೇವರು ಸತ್ತನೆಂಬ ನೀಟ್ಷೆಯ ಮಾತನ್ನು ಅರಿಯದವರಿಲ್ಲ. ಅದು ನಾಸ್ತಿಕನ ಜಯಘೋಷವೆಂದೇ ಎಲ್ಲರ ಭಾವನೆ. ಆದರೆ 1882ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಆ ಮಾತು ಬರುವುದು ಒಂದು ಕಥೆಯಲ್ಲಿ. ಹಗಲು ಹೊತ್ತಿನಲ್ಲಿ ದೀಪ ಹಿಡಿದುಕೊಂಡು ಸಂತೆಗೆ ಬಂದ ಹುಚ್ಚನೊಬ್ಬನು ದೇವರನ್ನು ಹುಡುಕುತ್ತಿರುವೆನೆಂದು ಕೂಗುತ್ತಾನೆ. ಸುತ್ತ ನಿಂತವರು ಮೊದಲೇ ದೇವರನ್ನು ನಂಬದವರು, ಅವರು ನಗುತ್ತಾರೆ. ಅವನು ನಗುವುದಿಲ್ಲ. ದೇವರನ್ನು ಕೊಂದವರು ನಾವೆಲ್ಲರೂ, ಇಷ್ಟು ದೊಡ್ಡ ಕೃತ್ಯದ ಭಾರವನ್ನು ಹೇಗೆ ಹೊರುವೆವೆಂದು ಅವನು ತಲ್ಲಣಿಸುತ್ತಾನೆ. ಕೊನೆಗೆ ದೀಪವನ್ನು ನೆಲಕ್ಕೆ ಬಡಿದು, ತಾನು ಬಹಳ ಬೇಗ ಬಂದೆನೆಂದು ಹೊರಟುಹೋಗುತ್ತಾನೆ. ಇದರ ತಾತ್ಪರ್ಯವು ಹರ್ಷವಲ್ಲ, ಭಯ. ನಂಬಿಕೆಯ ಮನೆಯನ್ನು ಕೆಡವಿದವರು ಅದರ ನೆರಳಿನಲ್ಲಿ ಬೆಳೆದ ನೀತಿಯು ತಾನಾಗಿಯೇ ಉಳಿಯುವುದೆಂದು ಭಾವಿಸಿ ನಗುತ್ತಿದ್ದಾರಲ್ಲ ಎಂಬ ಎಚ್ಚರಿಕೆ. ನಡುವಿನ ಒಂದು ವಾಕ್ಯವನ್ನು ಮಾತ್ರ ಕಿತ್ತುಕೊಂಡವರು ಆ ನಗುವವರ ಗುಂಪಿಗೇ ಸೇರಿದರು. ಅತಿಮಾನವನ ವಿಷಯವೂ ಹೀಗೆಯೇ. ಅವನು ಮುಖ್ಯವಾಗಿ ಗೆಲ್ಲಬೇಕಾದುದು ತನ್ನನ್ನು, ನೆರೆಮನೆಯ ಬಾಲಕನನ್ನಲ್ಲ.

ಹಾಗಾದರೆ ನೀಟ್ಷೆಯು ನಿರ್ದೋಷಿಯೋ? ಅಲ್ಲ. ತಂಗಿಯು ಸೇರಿಸಿದುದನ್ನೆಲ್ಲ ಕಳೆದ ಮೇಲೆಯೂ, ಅವನೇ ಬರೆದು ಅವನೇ ಅಚ್ಚು ಹಾಕಿಸಿದ ಗ್ರಂಥಗಳಲ್ಲಿ ಮನಸ್ಸನ್ನು ನೋಯಿಸುವ ಮಾತುಗಳು ಉಳಿಯುತ್ತವೆ. ಕರುಣೆಯನ್ನು ಅವನು ದೌರ್ಬಲ್ಯವೆಂದು ಹಳಿದನು, ಮನುಷ್ಯರಲ್ಲಿ ಮೇಲುಕೀಳುಗಳ ಶ್ರೇಣಿಯಿರಬೇಕೆಂದನು, ಕಾಠಿನ್ಯವನ್ನು ಹೊಗಳಿದನು. ಇವುಗಳಲ್ಲಿ ಕೆಲವಕ್ಕೆ ಸೂಕ್ಷ್ಮವಾದ ಅರ್ಥವಿರಬಹುದು. ಆದರೆ ಸೂಕ್ಷ್ಮವನ್ನು ಹೇಳುವುದಕ್ಕೆ ಅವನು ಆರಿಸಿಕೊಂಡುದು ಸಿಡಿಲಿನ ಭಾಷೆ. ಅವನ ಶೈಲಿಯು ಸೂತ್ರಗಳಂತೆ ಚಿಕ್ಕದು, ಮೊನಚು; ಆದರೆ ಅವನು ಅವುಗಳಿಗೆ ಭಾಷ್ಯವನ್ನು ಬರೆದಿಟ್ಟುದು ಕಡಿಮೆ. ಸೂತ್ರಕಾರನ ಹಿಂದೆ ಗುರುಪರಂಪರೆಯಿರುತ್ತದೆ, ಬಾಯಿಂದ ಬಾಯಿಗೆ ಅರ್ಥವು ಇಳಿದು ಬರುತ್ತದೆ. ನೀಟ್ಷೆಗೆ ಶಿಷ್ಯರಿರಲಿಲ್ಲ, ಅಚ್ಚಿನ ಯಂತ್ರವಿತ್ತು. ಜರತುಷ್ಟ್ರನ ಗ್ರಂಥವು ಎಲ್ಲರಿಗೂ ಉಂಟು, ಯಾರಿಗೂ ಇಲ್ಲವೆಂಬರ್ಥದ ಉಪಶೀರ್ಷಿಕೆಯನ್ನು ಅವನೇ ಕೊಟ್ಟನು. ಎಲ್ಲರ ಕೈಗೂ ಕತ್ತಿಯನ್ನು ಕೊಟ್ಟು, ಇದು ಯಾರಿಗೂ ಅಲ್ಲವೆಂದು ಒರೆಯ ಮೇಲೆ ಬರೆದರೆ ಕೊಟ್ಟವನ ಹೊಣೆ ತೀರಿತೆ?

ಇನ್ನೂ ಒಂದು ಸಂಗತಿಯುಂಟು. ಭಾರತದ ಓದುಗರಿಗೆ ಅದು ವಿಶೇಷವಾಗಿ ವಿಚಾರಾರ್ಹ. ಇಷ್ಟೊಂದು ತಪ್ಪಾಗಿ ಓದಲ್ಪಟ್ಟ ನೀಟ್ಷೆಯು ತಾನೂ ಒಮ್ಮೆ ತಪ್ಪಾಗಿ ಓದಿದನು. ಅವನ ವಿದ್ಯೆಯು ಭಾಷಾಶಾಸ್ತ್ರ. ನಿಧಾನವಾಗಿ ಓದುವುದೇ ಆ ಶಾಸ್ತ್ರದ ಸಾರವೆಂದು 1886ರ ಒಂದು ಮುನ್ನುಡಿಯಲ್ಲಿ ಅವನೇ ಬರೆದನು. ಎರಡು ವರ್ಷಗಳ ಬಳಿಕ, 1888ರಲ್ಲಿ, ಅವನಿಗೆ ಮನುಸ್ಮೃತಿಯದೊಂದು ಫ್ರೆಂಚ್ ಭಾಷಾಂತರ ದೊರೆಯಿತು. ಅದನ್ನು ಮಾಡಿದವನು ಫ್ರೆಂಚರ ಅಧೀನದಲ್ಲಿದ್ದ ಚಂದ್ರನಗರದಲ್ಲಿ ಹಿಂದೆ ನ್ಯಾಯಾಧೀಶನಾಗಿದ್ದ ಜಕೋಲಿಯೋ. ಆ ಭಾಷಾಂತರವು ನಂಬತಕ್ಕುದಲ್ಲ. ಚಂಡಾಲರನ್ನು ಕುರಿತು ಅದರಲ್ಲಿರುವ ಅನೇಕ ವಿಧಿಗಳು ಸಂಸ್ಕೃತದ ಪ್ರಚಲಿತ ಪಾಠದಲ್ಲಿಲ್ಲ. ಬ್ಯೂಲರ್ ಪಂಡಿತನ ಪ್ರಾಮಾಣಿಕವಾದ ಇಂಗ್ಲಿಷ್ ಭಾಷಾಂತರವು 1886ರಲ್ಲಿಯೇ ಪ್ರಕಟವಾಗಿದ್ದಿತು. ಅದಕ್ಕಿಂತ ಹೆಚ್ಚಾಗಿ, ನೀಟ್ಷೆಯ ಬಾಲ್ಯದ ಸಹಪಾಠಿಯಾದ ಪಾಲ್ ಡಾಯ್ಸನ್ನನು ವೇದಾಂತವನ್ನು ಕುರಿತು 1883ರಲ್ಲಿ ದೊಡ್ಡ ಗ್ರಂಥವನ್ನು ಬರೆದ ಸಂಸ್ಕೃತ ವಿದ್ವಾಂಸನಾಗಿದ್ದನು. ಹೀಗಿದ್ದೂ ನೀಟ್ಷೆಯು ನೆಚ್ಚಿದುದು ಜಕೋಲಿಯೋನನ್ನು. ಆ ವರ್ಷ ಬರೆದ ಒಂದು ಗ್ರಂಥದಲ್ಲಿ ಚಂಡಾಲರ ಮೇಲಣ ಆ ವಿಧಿಗಳ ಘೋರತೆಯನ್ನು ಎತ್ತಿ ತೋರಿಸಿದನು. ಇನ್ನೊಂದರಲ್ಲಿ ಅದೇ ಸ್ಮೃತಿಯನ್ನು ಬೈಬಲಿಗಿಂತ ಮೇಲೆಂದು ಹೊಗಳಿದನು.

ಮೂಲದಲ್ಲಿ ಇಲ್ಲದ ವಿಧಿಗಳೆಂದು ಹೇಳಿ ಕೈತೊಳೆದುಕೊಳ್ಳುವುದೂ ಸಲ್ಲದು. ಪ್ರಚಲಿತ ಪಾಠದ ಹತ್ತನೆಯ ಅಧ್ಯಾಯದಲ್ಲಿಯೇ ಚಂಡಾಲರು ಊರ ಹೊರಗಿರಬೇಕು, ಹೆಣದ ಬಟ್ಟೆಯನ್ನುಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು ಎಂಬ ಕ್ರೂರವಾದ ಕಟ್ಟಳೆಗಳಿವೆ. ಯಾವ ಶ್ರೇಣಿಯನ್ನು ನೀಟ್ಷೆಯು ದೂರದಿಂದ ನೋಡಿ ಮೆಚ್ಚಿದನೋ ಅದನ್ನು ಕೆಳಗಿನಿಂದ ಕಂಡವರು ಡಾಕ್ಟರ್ ಅಂಬೇಡ್ಕರರು. ಅವರ ಕಾಲಾನಂತರ 1987ರಲ್ಲಿ ಅಚ್ಚಾದ, ಹಿಂದೂಧರ್ಮದ ತತ್ತ್ವವನ್ನು ವಿಮರ್ಶಿಸುವ ಬರಹವೊಂದರಲ್ಲಿ ಅವರು ನೀಟ್ಷೆಯನ್ನೂ ಮನುವನ್ನೂ ಎದುರೆದುರಿಗೆ ನಿಲ್ಲಿಸಿ ತೂಗಿದ್ದಾರೆ. ನೀಟ್ಷೆಯ ಅತಿಮಾನವನು ಯೋಗ್ಯತೆಯಿಂದ ಅತಿಮಾನವ, ಮನುವಿನ ಅತಿಮಾನವನಾದರೋ ಹುಟ್ಟಿನಿಂದ ಎಂಬುದು ಅವರು ಕಂಡ ಭೇದ. ನೀಟ್ಷೆಯನ್ನು ಮೆಚ್ಚಲು ಅವರಿಗೆ ಯಾವ ಕಾರಣವೂ ಇರಲಿಲ್ಲ. ಆದರೂ ಅವನಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಿ ಅನಂತರ ಖಂಡಿಸಿದರು. ಎದುರಾಳಿಯನ್ನು ಓದತಕ್ಕ ಕ್ರಮ ಇದು. ಮೆಚ್ಚಿದವನು ಮಾಡದ ಪರೀಕ್ಷೆಯನ್ನು ನೊಂದವರು ಮಾಡಿದರು.

ಈಗ ಸಿದ್ಧಾಂತಕ್ಕೆ ಬರಬಹುದು. ಮಾತಿನ ಹೊಣೆಯು ಒಬ್ಬನದಲ್ಲ, ಮೂವರದು: ನುಡಿದವನದು, ಸಾಗಿಸಿದವನದು, ಕೇಳಿದವನದು. ಆದರೆ ಮೂರು ಪಾಲುಗಳೂ ಸಮವಲ್ಲ. ನುಡಿದವನ ದೋಷವು ಅಜಾಗರೂಕತೆ. ತನ್ನ ಕಾಲಕ್ಕೆ ಕಿವಿಯಿಲ್ಲವೆಂಬ ನೋವಿನಿಂದ ಅವನು ದನಿಯನ್ನು ಎತ್ತರಿಸಿದನು, ಎತ್ತರಿಸಿದ ದನಿಯಲ್ಲಿ ವಿವೇಚನೆಯು ಕೇಳಿಸದೆ ಹೋಯಿತು. ಸಾಗಿಸಿದವಳ ದೋಷವು ವಂಚನೆ, ಅದಕ್ಕೆ ಸಮಾಧಾನವಿಲ್ಲ. ಕೇಳಿದವನ ದೋಷವು ಯಾವುದು? ಮೇಲುನೋಟಕ್ಕೆ ಅದು ಅಜ್ಞಾನವೆಂದು ತೋರುತ್ತದೆ, ಆದರೆ ಹಾಗಲ್ಲ. ಲಿಯೊಪೋಲ್ಡನು ಅಜ್ಞಾನಿಯಲ್ಲ; ಅನೇಕ ಭಾಷೆಗಳನ್ನು ಬಲ್ಲ ಬುದ್ಧಿಶಾಲಿ. ನೀಟ್ಷೆಯು ಕರುಣೆಯ ಮೇಲೆ ಬರೆದುದನ್ನು ಓದಿದವರು ಸಾವಿರಾರು ಮಂದಿ, ಅವರೆಲ್ಲರೂ ಕೊಲೆಗಾರರಾಗಲಿಲ್ಲ. ತನಗೆ ಬೇಕಾದ ಅಪ್ಪಣೆಯನ್ನು ಮನಸ್ಸಿನಲ್ಲಿ ಮೊದಲೇ ಬರೆದಿಟ್ಟುಕೊಂಡು, ಅದರ ಕೆಳಗೆ ಹಾಕುವುದಕ್ಕೊಂದು ದೊಡ್ಡ ಹೆಸರಿನ ರುಜುವನ್ನು ಗ್ರಂಥದಲ್ಲಿ ಹುಡುಕುವುದೇ ಕೇಳುವವನ ದೋಷ. ವಿರೋಚನನಿಗೆ ದೇಹವೇ ಬೇಕಾಗಿತ್ತು. ಆದುದರಿಂದಲೇ ನೀರಿನಲ್ಲಿ ದೇಹವೇ ಕಂಡಿತು, ಕಂಡೊಡನೆ ತೃಪ್ತಿಯೂ ಆಯಿತು.

ಇದಕ್ಕೆ ಒಂದು ಆಕ್ಷೇಪವು ಬರಬಹುದು. ಪ್ರತಿಯೊಬ್ಬನೂ 101 ವರ್ಷ ಕಾದು ಓದುವುದು ಸಾಧ್ಯವೇ? ಗೋಡೆಯ ಮೇಲಿನ ಒಂದು ಸಾಲಿನಿಂದ ಧೈರ್ಯ ತಂದುಕೊಂಡ ರೋಗಿಯು, ಆ ಸಾಲು ಬಂದ ಗ್ರಂಥವನ್ನೆಲ್ಲ ಓದಬೇಕೆಂದು ವಿಧಿಸುವುದು ನ್ಯಾಯವೇ? ಬೇಕಾಗಿಲ್ಲ. ಧೈರ್ಯಕ್ಕೆ ಒಂದು ಸಾಲು ಸಾಕು. ತನ್ನ ಕಷ್ಟವನ್ನು ತಾಳಿಕೊಳ್ಳುವುದಕ್ಕಾಗಿ ಒಂದು ಮಾತನ್ನು ಎರವಲು ತಂದವನಿಗೆ ಯಾರೂ ಲೆಕ್ಕ ಕೇಳಲಾರರು. ಲೆಕ್ಕ ಕೇಳಬೇಕಾದುದು ಆ ಮಾತಿನಿಂದ ಇನ್ನೊಬ್ಬನ ಮೇಲೆ ಕೈಯೆತ್ತುವಾಗ. ತನಗೆ ಕಠಿನವಾದ ಅರ್ಥವನ್ನು ಹಿಡಿದವನು ತಪ್ಪಿದರೂ ತಾನೊಬ್ಬನೇ ನೋಯುವನು. ಇತರರಿಗೆ ಕಠಿನವಾದ ಅರ್ಥವನ್ನು ಹಿಡಿದವನು ತಪ್ಪಿದರೆ ನೋಯುವವನು ಆ ಗ್ರಂಥದ ಹೆಸರನ್ನೇ ಕೇಳದವನು. ಆದುದರಿಂದ, ಯಾವ ತತ್ತ್ವವು ಓದುಗನಿಗೆ ಹಿತವಾಗಿ, ನೆರೆಯವನಿಗೆ ಅಹಿತವಾಗಿ ತೋರುವುದೋ ಅಲ್ಲಿ ಅವನು ನಿಲ್ಲಬೇಕು, ಇಂದ್ರನಂತೆ ಹಿಂದಿರುಗಬೇಕು, ಇನ್ನೊಮ್ಮೆ ಕೇಳಬೇಕು. ಈ ನಿಯಮವು ನೀಟ್ಷೆಯ ಗ್ರಂಥಕ್ಕೂ ಸಲ್ಲುತ್ತದೆ, ಸ್ಮೃತಿಗೂ ಸಲ್ಲುತ್ತದೆ.

ಚಿಕಾಗೋವಿನ ಆ ಬಾಲಕನು ಶಾಲೆಯಿಂದ ಮನೆಗೆ ನಡೆದು ಹೋಗುತ್ತಿದ್ದನು. ನೀಟ್ಷೆಯ ತಾತ್ಪರ್ಯವೇನೆಂಬ ಚರ್ಚೆಯಲ್ಲಿ ಅವನಿಗೆ ಯಾವ ಪಾಲೂ ಇರಲಿಲ್ಲ. ದೊಡ್ಡ ಗ್ರಂಥಗಳನ್ನು ತಪ್ಪಾಗಿ ಓದಿದುದಕ್ಕೆ ದಂಡವನ್ನು ತೆರುವವರು ಅವುಗಳನ್ನು ಓದದವರೇ. ಓದಬಲ್ಲವರು ನಿಧಾನವಾಗಿ ಓದಬೇಕೆಂಬುದಕ್ಕೆ ಬೇರೆ ಕಾರಣವು ಬೇಕಾಗಿಲ್ಲ.